ಬಫರ್ ಕೊಡುವುದು ಸಮಯ, ವೇಗ ಅಲ್ಲ: ಮಣಿಪಾಲದ ಮೈಕ್ರೋಸ್ಕೋಪಿನ ಡೇಟಾ ಬೆಂಗಳೂರಿಗೆ ತಲುಪುವ ಲೆಕ್ಕ

ಒಂದು ಲೆಕ್ಕದಿಂದಲೇ ಶುರು ಮಾಡುವ.

ಮಣಿಪಾಲದಲ್ಲೋ ಸುರತ್ಕಲ್ಲಿನಲ್ಲೋ ಒಂದು ಲ್ಯಾಬ್ ಉಂಟು ಅಂತ ಇಟ್ಟುಕೊಳ್ಳಿ. ಅಲ್ಲೊಂದು ಲೈಟ್‌ಶೀಟ್ ಮೈಕ್ರೋಸ್ಕೋಪ್. ಹಾಳೆಯಷ್ಟು ತೆಳ್ಳಗಿನ ಲೇಸರ್ ಬೆಳಕನ್ನು ಝೀಬ್ರಾ ಮೀನಿನ ಭ್ರೂಣಕ್ಕೆ ಹಾಯಿಸಿ, ಬಡಿಯುತ್ತಿರುವ ಹೃದಯವನ್ನು ಪದರ ಪದರವಾಗಿ ಚಿತ್ರ ತೆಗೆಯುವ ಯಂತ್ರ. ಅದರ ಕ್ಯಾಮೆರಾ ಉದ್ದಕ್ಕೆ 2048, ಅಗಲಕ್ಕೆ 2048 ಪಿಕ್ಸೆಲ್. ಪಿಕ್ಸೆಲ್‌ಗೆ 2 ಬೈಟ್. ಸೆಕೆಂಡಿಗೆ 100 ಫ್ರೇಮ್. ಗುಣಿಸಿ ನೋಡಿ: ಒಂದು ಫ್ರೇಮ್ ಸುಮಾರು 8.4 ಎಂಬಿ, ಸೆಕೆಂಡಿಗೆ 839 ಎಂಬಿ. ಒಂದು ಗಂಟೆ ಸುಮ್ನೆ ಓಡಲು ಬಿಟ್ಟರೆ 3 ಟಿಬಿ.

ಇದು ಲೋಕದಲ್ಲಿ ಎಲ್ಲೂ ಇಲ್ಲದ ಕ್ಯಾಮೆರಾ ಏನಲ್ಲ. ಜೀವಶಾಸ್ತ್ರದ ಲ್ಯಾಬ್‌ಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವಂಥದ್ದೇ.

ಈ ಚಿತ್ರಗಳನ್ನು ಜೋಡಿಸಿ, ಮಸುಕು ತೆಗೆದು, ಮೂರು ಆಯಾಮದ ಹೃದಯ ಮಾಡಬೇಕಾದರೆ ಒಳ್ಳೆ ಜಿಪಿಯುಗಳು, ಅಂದರೆ ಸಾವಿರಾರು ಲೆಕ್ಕ ಒಟ್ಟೊಟ್ಟಿಗೆ ಮಾಡುವ ಚಿಪ್‌ಗಳು ಬೇಕು. ಅವು ದೂರದಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ (ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ) ಸಾಮರ್ಥ್ಯದ ಸೂಪರ್‌ಕಂಪ್ಯೂಟರ್. ಅಂಥ ಯಂತ್ರದಲ್ಲಿ ನಮಗೆ ಜಾಗ ಸಿಕ್ಕಿದೆ ಅಂದುಕೊಳ್ಳುವ. ನಡುವಿನ ಲೈನಿನಲ್ಲಿ ಲ್ಯಾಬಿನ ಪಾಲಿಗೆ 1 ಗಿಗಾಬಿಟ್ ಬಂದಿದೆ. ಕೇಳಲಿಕ್ಕೆ ದೊಡ್ಡದೇ. ಆದರೆ ಲೈನಿನ ವೇಗ ಹೇಳುವುದು ಬಿಟ್‌ನಲ್ಲಿ, ಕ್ಯಾಮೆರಾದ ವೇಗ ಹೇಳುವುದು ಬೈಟ್‌ನಲ್ಲಿ. 8ರಿಂದ ಭಾಗಿಸಿ, ಡೇಟಾ ತುಂಡು ತುಂಡಾಗಿ ಹೋಗುವ ಪ್ಯಾಕೆಟ್‌ಗಳ ತಲೆಪಟ್ಟಿಯ ಖರ್ಚು ಕಳೆದರೆ ಕೈಗೆ ಸಿಗುವುದು ಸೆಕೆಂಡಿಗೆ 110 ಎಂಬಿ ಆಸುಪಾಸು.

839 ಒಳಗೆ ಬರುತ್ತದೆ, 110 ಹೊರಗೆ ಹೋಗುತ್ತದೆ. ಉಳಿದ 729 ಎಲ್ಲಿ ನಿಲ್ಲಬೇಕು? ಅದೇ ಬಫರ್.

ಸರಾಸರಿ ಮೊದಲು, ಗಾತ್ರ ಆಮೇಲೆ

ಲ್ಯಾಬ್‌ಗಳ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ನಾನು ಜಾಸ್ತಿ ಕೇಳಿದ ಪ್ರಶ್ನೆ: “ರ‍್ಯಾಮ್ ಎಷ್ಟು ಹಾಕಿಸುವುದು ಸರ್?” ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ದಿನಕ್ಕೆ ಒಟ್ಟು ಎಷ್ಟು ಡೇಟಾ ತೆಗೆಯುತ್ತೀರಿ?

ಮಲ್ಪೆ ಬಂದರನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಬೋಟುಗಳು ಒಟ್ಟೊಟ್ಟಿಗೆ ಬಂದು ಮೀನು ಇಳಿಸುತ್ತವೆ. ಇಳಿಯುವ ವೇಗವೇ ಬೇರೆ, ಲಾರಿಗೆ ತುಂಬಿ ಊರು ದಾಟಿಸುವ ವೇಗವೇ ಬೇರೆ. ನಡುವಿನ ಹೊತ್ತನ್ನು ಐಸು ಮತ್ತು ಬಾಕ್ಸುಗಳು ಸಂಭಾಳಿಸುತ್ತವೆ. ಆದರೆ ದಿನಾ ಇಳಿಯುವ ಮೀನು ದಿನಾ ಹೋಗುವ ಲಾರಿಗಳಿಗಿಂತ ಜಾಸ್ತಿ ಆಯಿತೋ, ಎಷ್ಟು ಐಸ್ ಸುರಿದರೂ ಒಂದು ದಿನ ಕೊಳೆಯುವುದೇ.

ನಮ್ಮ ಕ್ಯಾಮೆರಾಕ್ಕೆ ಇದನ್ನೇ ಅನ್ವಯಿಸಿ. ಇಡೀ ದಿನ ನಿಲ್ಲಿಸದೆ ಓಡಿಸುತ್ತೇವೆ ಅಂದರೆ 1 ಗಿಗಾಬಿಟ್ ಲೈನಿಗೆ ಯಾವ ಬಫರೂ ಸಾಲದು. 64 ಜಿಬಿ ರ‍್ಯಾಮ್ ಇಟ್ಟರೆ 88 ಸೆಕೆಂಡಿನಲ್ಲಿ ತುಂಬುತ್ತದೆ. 128 ಇಟ್ಟರೆ ಮೂರು ನಿಮಿಷ ಕೂಡ ಇಲ್ಲ. ದುಡ್ಡು ದುಪ್ಪಟ್ಟು ಹಾಕಿ ಒಂದೂವರೆ ನಿಮಿಷ ಕೊಂಡುಕೊಂಡ ಹಾಗೆ.

ಅದೃಷ್ಟಕ್ಕೆ ಪ್ರಯೋಗಗಳು ಹಾಗೆ ನಡೆಯುವುದಿಲ್ಲ. ಸ್ಯಾಂಪಲ್ ಇಡಬೇಕು, ಫೋಕಸ್ ಮಾಡಬೇಕು, ನಡುವೆ ಚಾ ಕುಡಿಯಬೇಕು. ಒಂದೂವರೆ ಗಂಟೆಗೆ ಒಮ್ಮೆ 10 ನಿಮಿಷ ಚಿತ್ರೀಕರಣ ಅಂತ ಇಟ್ಟುಕೊಳ್ಳುವ. 10 ನಿಮಿಷಕ್ಕೆ ಸುಮಾರು 503 ಜಿಬಿ. ಅದನ್ನು 110 ಎಂಬಿ ವೇಗದಲ್ಲಿ ಕಳಿಸಲು 76 ನಿಮಿಷ. ಮುಂದಿನ ಚಿತ್ರೀಕರಣಕ್ಕೆ 90 ನಿಮಿಷ ಉಂಟು. ಹಾಗಾಗಿ ಕೆಲಸ ನಡೆಯುತ್ತದೆ, ಸ್ವಲ್ಪದರಲ್ಲಿ. ಈ ‘ಸ್ವಲ್ಪ’ ಮುಂದೆ ನಮ್ಮನ್ನು ಕಾಡಲಿದೆ, ನೆನಪಿಟ್ಟುಕೊಳ್ಳಿ.

ಮಿಲಿಸೆಕೆಂಡಿನ ಕಾಲು ಭಾಗ

ಬಫರ್ ಅಂದರೆ ಒಂದೇ ಜಾಗ ಅಂತ ಹಲವರು ತಿಳಿದಿರುತ್ತಾರೆ. ಹಾಗಿಲ್ಲ. ಸೆನ್ಸರಿನಿಂದ ಬೆಂಗಳೂರಿನವರೆಗೆ ಹಂತ ಹಂತವಾಗಿ ನಾಲ್ಕೈದು ಬಫರ್‌ಗಳಿವೆ. ಪ್ರತಿಯೊಂದೂ ಬೇರೆ ಬೇರೆ ಅಳತೆಯ ತಡವನ್ನು ಹೊತ್ತುಕೊಳ್ಳುತ್ತದೆ. ಕ್ಯಾಮೆರಾದ ಒಳಗಿನ ಚಿಪ್ ಮೈಕ್ರೋಸೆಕೆಂಡುಗಳನ್ನು, ರ‍್ಯಾಮ್ ಸೆಕೆಂಡುಗಳನ್ನು, ಡಿಸ್ಕ್ ಗಂಟೆಗಳನ್ನು. ಡೇಟಾ ಕಳೆದುಹೋಗುವುದು ಸಾಮಾನ್ಯವಾಗಿ ಇವುಗಳಲ್ಲಿ ಎಲ್ಲಕ್ಕಿಂತ ಸಣ್ಣದರಲ್ಲಿ. ಯಾರೂ ಕಣ್ಣು ಹಾಯಿಸದ ಜಾಗದಲ್ಲಿ.

ಉದಾಹರಣೆಗೆ, ಕ್ಯಾಮೆರಾ 10 ಗಿಗಾಬಿಟ್ ನೆಟ್‌ವರ್ಕ್ ಕೇಬಲ್ ಮೂಲಕ ಪಕ್ಕದ ಕಂಪ್ಯೂಟರಿಗೆ ಜೋಡಣೆಯಾಗಿದೆ. ಇಂಥ ಕ್ಯಾಮೆರಾಗಳು ಯುಡಿಪಿ ಪ್ಯಾಕೆಟ್‌ಗಳನ್ನು ಕಳಿಸುತ್ತವೆ. ಯುಡಿಪಿ ಅಂದರೆ ಎಸೆದು ಸುಮ್ಮನಾಗುವ ಪದ್ಧತಿ. ತಲುಪಿತಾ ಅಂತ ಕೇಳುವುದಿಲ್ಲ. ಪ್ಯಾಕೆಟ್ ಬಂದಾಗ ಲಿನಕ್ಸ್ (ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್) ಅದನ್ನು ಒಂದು ಸಣ್ಣ ಬಫರಿನಲ್ಲಿ ಇಡುತ್ತದೆ, ನಮ್ಮ ಪ್ರೋಗ್ರಾಂ ಬಂದು ಎತ್ತಿಕೊಳ್ಳುವವರೆಗೆ. ಆ ಬಫರಿನ ಗಾತ್ರ ಎಷ್ಟು? ಯಾರೂ ಬದಲಾಯಿಸದಿದ್ದರೆ ಸಾಮಾನ್ಯವಾಗಿ 2,12,992 ಬೈಟ್. ಅಂದರೆ ನಮ್ಮ ಒಂದು ಫ್ರೇಮಿನ ನಲವತ್ತನೇ ಒಂದು ಪಾಲು. 839 ಎಂಬಿ ವೇಗದಲ್ಲಿ ಅದು ತುಂಬಲು ಬೇಕಾದ ಹೊತ್ತು 0.25 ಮಿಲಿಸೆಕೆಂಡ್.

ಕಂಪ್ಯೂಟರ್ ಬೇರೆ ಯಾವುದೋ ಕೆಲಸಕ್ಕೆ ಪ್ರೊಸೆಸರನ್ನು ಕೊಟ್ಟು ನಮ್ಮ ಪ್ರೋಗ್ರಾಮನ್ನು ಒಂದೆರಡು ಮಿಲಿಸೆಕೆಂಡ್ ಕಾಯಿಸುವುದು ತೀರಾ ಮಾಮೂಲು. ಅಷ್ಟರಲ್ಲಿ ಬಫರ್ ತುಂಬಿ ಹರಿದು, ಫ್ರೇಮಿನ ಒಂದು ಪಟ್ಟಿಯೇ ಮಾಯ. ಮೇಲಿಂದ ನೋಡಿದರೆ ಸಿಪಿಯು ಬಳಕೆ 20 ಪರ್ಸೆಂಟ್, ರ‍್ಯಾಮ್ ಅರ್ಧ ಖಾಲಿ, ಎಲ್ಲವೂ ಆರಾಮ. ಚಿತ್ರದಲ್ಲಿ ಮಾತ್ರ ಕಪ್ಪು ಗೆರೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ. ಲಿನಕ್ಸಿನಲ್ಲಿ ನೆಟ್‌ಸ್ಟ್ಯಾಟ್ ಅನ್ನುವ ಆಜ್ಞೆ ಕೊಡುವ ಯುಡಿಪಿ ಲೆಕ್ಕದಲ್ಲಿ ‘ರಿಸೀವ್ ಬಫರ್ ಎರರ್ಸ್’ ಅಂತ ಒಂದು ಸಾಲಿದೆ. ಪ್ರಯೋಗಕ್ಕೆ ಮುಂಚೆ ಅದನ್ನು ಬರೆದಿಟ್ಟುಕೊಳ್ಳಿ, ಮುಗಿದ ಮೇಲೆ ಮತ್ತೆ ನೋಡಿ. ಅಂಕಿ ಏರಿದ್ದರೆ ಕೇಬಲನ್ನೋ ಕ್ಯಾಮೆರಾವನ್ನೋ ಬೈದು ಪ್ರಯೋಜನವಿಲ್ಲ. ಪ್ಯಾಕೆಟ್ ಕಂಪ್ಯೂಟರಿನ ಬಾಗಿಲವರೆಗೆ ಬಂದಿತ್ತು, ಒಳಗೆ ತೆಗೆದುಕೊಳ್ಳುವವರು ಇರಲಿಲ್ಲ.

ಪರಿಹಾರ ಎರಡು ಕಡೆಯಿಂದ. ಆ ಬಫರನ್ನು ನೂರಾರು ಎಂಬಿಗೆ ಏರಿಸುವುದು ಒಂದು. ಪ್ಯಾಕೆಟ್ ದೊಡ್ಡದು ಮಾಡುವುದು ಇನ್ನೊಂದು. ಮಾಮೂಲಿ 1500 ಬೈಟಿನ ಪ್ಯಾಕೆಟ್ ಆದರೆ ಸೆಕೆಂಡಿಗೆ ಐದೂಮುಕ್ಕಾಲು ಲಕ್ಷ ಪ್ಯಾಕೆಟ್ ಎತ್ತಿಕೊಳ್ಳಬೇಕು. 9000 ಬೈಟಿನ ದೊಡ್ಡ ಪ್ಯಾಕೆಟ್ (ಇದಕ್ಕೆ ಜಂಬೋ ಫ್ರೇಮ್ ಅನ್ನುತ್ತಾರೆ, ಕ್ಯಾಮೆರಾದ ಫ್ರೇಮ್ ಅಲ್ಲ) ಹಾಕಿದರೆ ಸುಮಾರು 94 ಸಾವಿರ ಸಾಕು. ಕೇಬಲ್‌ಗಳನ್ನು ಜೋಡಿಸುವ ನಡುವಿನ ಸ್ವಿಚ್ಚೂ ಜಂಬೋಗೆ ಒಪ್ಪಬೇಕು, ಇಲ್ಲದಿದ್ದರೆ ಏನೂ ಬರುವುದಿಲ್ಲ. ಆಗ ಆಗುವ ತಲೆಬಿಸಿ ಬೇರೆಯೇ.

ಸುತ್ತು ಬಫರ್, ಮತ್ತು ಅದು ತುಂಬಿದಾಗಿನ ನಿರ್ಧಾರ

ಬಾಗಿಲು ದಾಟಿ ಬಂದ ಫ್ರೇಮ್ ಸೇರುವುದು ರ‍್ಯಾಮಿನಲ್ಲಿರುವ ರಿಂಗ್ ಬಫರಿಗೆ. ಸುತ್ತು ಬಫರ್ ಅನ್ನಿ ಬೇಕಾದರೆ. 64 ಜಿಬಿಯನ್ನು ಫ್ರೇಮ್ ಗಾತ್ರದ ಕೋಣೆಗಳಾಗಿ ಭಾಗ ಮಾಡಿದರೆ 7,600ಕ್ಕೂ ಜಾಸ್ತಿ ಕೋಣೆ. ಬರೆಯುವವನು ಒಂದನೇ ಕೋಣೆಯಿಂದ ಬರೆಯುತ್ತಾ ಹೋಗುತ್ತಾನೆ. ಕೊನೆ ಮುಟ್ಟಿದ ಮೇಲೆ ಮತ್ತೆ ಒಂದಕ್ಕೆ ಬರುತ್ತಾನೆ. ಓದುವವನು ಹಿಂದಿನಿಂದ ಬಂದು ಒಂದೊಂದೇ ಫ್ರೇಮ್ ಎತ್ತಿ ಡಿಸ್ಕಿಗೋ ನೆಟ್‌ವರ್ಕಿಗೋ ಕಳಿಸುತ್ತಾನೆ. ಇಬ್ಬರ ಕೈಯಲ್ಲೂ ಒಂದೊಂದು ಅಂಕಿ ಮಾತ್ರ: ನಾನೀಗ ಎಷ್ಟನೇ ಕೋಣೆಯಲ್ಲಿದ್ದೇನೆ ಅಂತ. ಹೊಸ ಮೆಮೊರಿ ಕೇಳುವುದು, ಹಳೆಯದು ಬಿಡುವುದು ಯಾವುದೂ ಇಲ್ಲ. ಇದು ಇಷ್ಟು ಸರಳ ಆಗಿರುವುದರಿಂದಲೇ ಇಷ್ಟು ವೇಗ.

ಈ ಮೆಮೊರಿಯನ್ನು ಪ್ರಯೋಗಕ್ಕೆ ಮೊದಲೇ ತೆಗೆದಿಟ್ಟು ಬೀಗ ಹಾಕಿರಬೇಕು. ಇಲ್ಲದಿದ್ದರೆ ರ‍್ಯಾಮ್ ಬಿಗಿಯಾದಾಗ ಆಪರೇಟಿಂಗ್ ಸಿಸ್ಟಮ್ ಅದರಲ್ಲಿ ಸ್ವಲ್ಪವನ್ನು ಡಿಸ್ಕಿಗೆ ತಳ್ಳಿಬಿಡುತ್ತದೆ. ಡಿಸ್ಕ್ ನಿಧಾನ ಅಂತ ರ‍್ಯಾಮಿನಲ್ಲಿ ಇಟ್ಟದ್ದು ಮತ್ತೆ ಡಿಸ್ಕಿಗೇ ಹೋದರೆ ಎಂತ ಪ್ರಯೋಜನ ಮಾರಾಯ್ರೆ?

ಬರೆಯುವವನು ಒಂದು ಸುತ್ತು ಮುಗಿಸಿ ಓದುವವನ ಬೆನ್ನಿಗೆ ಬಂದು ಮುಟ್ಟಿದರೆ ಬಫರ್ ತುಂಬಿತು ಅಂತ ಅರ್ಥ. ಆಗ ಎಂತ ಮಾಡುವುದು? ಇರುವ ದಾರಿ ಮೂರು. ಹೊಸ ಫ್ರೇಮ್ ಬಿಸಾಡುವುದು. ಹಳೆಯದರ ಮೇಲೆ ಬರೆಯುವುದು. ಅಥವಾ ಹಿಂದಕ್ಕೆ ಸಂದೇಶ ಕಳಿಸಿ ಉಪಕರಣವನ್ನೇ ನಿಲ್ಲಿಸುವುದು. ಯಾವುದು ಸರಿ ಅನ್ನುವುದನ್ನು ಕಂಪ್ಯೂಟರಿನವರು ತೀರ್ಮಾನಿಸಬಾರದು, ಪ್ರಯೋಗ ಮಾಡುವವರೇ ಹೇಳಬೇಕು. ಪದರ ಪದರವಾಗಿ ಸ್ಕ್ಯಾನ್ ಮಾಡುವಾಗ ಮಾದರಿ ಅಲುಗಾಡದೆ ಕಾಯುತ್ತದೆ ಅಂದರೆ ಒಂದು ಕ್ಷಣ ನಿಲ್ಲಿಸಿದರೆ ನಷ್ಟವಿಲ್ಲ. ಬಡಿಯುವ ಹೃದಯ ಕಾಯುವುದಿಲ್ಲ.

ಹಳೆಯದರ ಮೇಲೆ ಬರೆಯುವುದು ಸೋಲು ಅಂತ ತೋರುತ್ತದೆ, ಅಲ್ವಾ? ಕೆಲವು ಕಡೆ ಅದೇ ಜಾಣತನ. ಕೆನಡಾದ ಚೈಮ್ ರೇಡಿಯೊ ದೂರದರ್ಶಕ ಆಕಾಶದಿಂದ ಬರುವ ಮಿಲಿಸೆಕೆಂಡಿನಷ್ಟು ಚಿಕ್ಕ ರೇಡಿಯೊ ಸ್ಫೋಟಗಳನ್ನು ಹುಡುಕುತ್ತದೆ. ಅದರ ಕಚ್ಚಾ ಡೇಟಾ ಎಲ್ಲವನ್ನೂ ಉಳಿಸುವುದು ಆಗದ ಮಾತು. ಹಾಗಾಗಿ ಕಳೆದ ಹತ್ತಾರು ಸೆಕೆಂಡಿನ ಡೇಟಾ ಮಾತ್ರ ಸುತ್ತು ಬಫರಿನಲ್ಲಿ ತಿರುಗುತ್ತಾ, ಹಳೆಯದು ಅಳಿಯುತ್ತಾ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಪ್ರೋಗ್ರಾಂ ಹಗುರಾದ ಡೇಟಾ ನೋಡುತ್ತಾ, ಏನೋ ಮಿನುಗಿತು ಅನಿಸಿದ ಕೂಡಲೇ, “ಅಳಿಸಬೇಡ, ಇದನ್ನು ಇಳಿಸು” ಅನ್ನುತ್ತದೆ. ಹೀಗೆ ಕಳೆದು ಹೋದ ಕ್ಷಣವನ್ನು ಹಿಂದಕ್ಕೆ ಹೋಗಿ ಎತ್ತಿಕೊಂಡು ಬರಬಹುದು.

ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಜಿನೀವಾದ ಯಂತ್ರ ಎಲ್‌ಎಚ್‌ಸಿಯಲ್ಲಿ ಇದೇ ಆಟ ಇನ್ನೂ ಬಿಗಿ. ಪ್ರೋಟಾನ್ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲ ಹಾದುಹೋಗುತ್ತವೆ, 25 ನ್ಯಾನೋಸೆಕೆಂಡಿಗೆ ಒಮ್ಮೆ. ಅಲ್ಲಿನ ಅಟ್ಲಾಸ್ ಡಿಟೆಕ್ಟರಿನ ಮೊದಲ ಹಂತದ ಆಯ್ಕೆಗೆ ಸಿಗುವ ಸಮಯ 2.5 ಮೈಕ್ರೋಸೆಕೆಂಡ್. ಹಾಗಾದರೆ ಡಿಟೆಕ್ಟರಿನ ಮೇಲೇ ಕೂತಿರುವ ಎಲೆಕ್ಟ್ರಾನಿಕ್ಸಿನಲ್ಲಿ ಕನಿಷ್ಠ 100 ಘಟನೆಗಳ ಮಾಹಿತಿ ಸಾಲಾಗಿ ಕಾಯುತ್ತಿರಬೇಕು. 400ರಲ್ಲಿ ಒಂದು ಮಾತ್ರ ಮುಂದೆ ಹೋಗುತ್ತದೆ. ಬಫರಿನ ಗಾತ್ರವನ್ನು ಇಲ್ಲಿ ಯಾರೂ ಅಂದಾಜಿನಲ್ಲಿ ಇಟ್ಟದ್ದಲ್ಲ, ತೀರ್ಮಾನಕ್ಕೆ ಬೇಕಾದ ಸಮಯವೇ ಅದನ್ನು ಹೇಳಿಬಿಟ್ಟಿತು.

ನಿಮ್ಮ ನಿರ್ಧಾರ ಏನೇ ಇರಲಿ, ಪ್ರತಿ ಫ್ರೇಮಿಗೂ ಕ್ರಮಸಂಖ್ಯೆ ಇರಲಿ. 4,211 ಆದ ಮೇಲೆ 4,213 ಬಂದರೆ ಒಂದು ಹೋಯಿತು ಅಂತ ಗೊತ್ತಾಗುತ್ತದೆ. ಸಂಖ್ಯೆ ಇಲ್ಲದಿದ್ದರೆ ಹೃದಯ ಒಂದು ಬಡಿತ ತಪ್ಪಿತು ಅಂತ ಯಾರೋ ಪ್ರಬಂಧ ಬರೆಯುತ್ತಾರೆ.

ಲೈವ್ ಪ್ರಿವ್ಯೂ ಬಗ್ಗೆ ಒಂದು ಮಾತು. ಮಾನಿಟರಿನಲ್ಲಿ ಚಿತ್ರ ತೋರಿಸುವ ಪ್ರೋಗ್ರಾಮೂ ಇದೇ ಬಫರಿನಿಂದ ಓದುತ್ತದೆ. ಅದು ನಿಧಾನವಾದರೆ ಇಡೀ ಸುತ್ತೇ ಕಾಯುವ ಹಾಗೆ ಬರೆದ ಸಾಫ್ಟ್‌ವೇರ್‌ಗಳಿವೆ. ಕಣ್ಣಿಗೆ ಸೆಕೆಂಡಿಗೆ ಹತ್ತು ಫ್ರೇಮ್ ಕಂಡರೆ ಸಾಕು. ಪ್ರಿವ್ಯೂಗೆ ಆ ಕ್ಷಣದ ಫ್ರೇಮ್ ಒಂದನ್ನು ಕೊಟ್ಟು, ಉಳಿದದ್ದನ್ನು ಹಾರಿಸಲು ಹೇಳಬೇಕು.

ಡಿಸ್ಕಿನ ಡಬ್ಬದ ಮೇಲಿನ ಅಂಕಿ

88 ಸೆಕೆಂಡ್ ದಾಟಬೇಕಾದರೆ ಡಿಸ್ಕ್ ಬೇಕೇ ಬೇಕು. ಮಾಮೂಲಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ 200 ಎಂಬಿ ಬರೆದರೆ ದೊಡ್ಡದು. ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್‌ನಲ್ಲಿ ಬರೆಯುವ ಡಿಸ್ಕ್) 550ರ ಹತ್ತಿರ ನಿಲ್ಲುತ್ತದೆ, ಅದು ಆ ಕೇಬಲಿನ ಮಿತಿ. 839ಕ್ಕೆ ಎರಡೂ ಸಾಲದು. ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಡಬ್ಬದ ಮೇಲೆ 3,000, 5,000, 7,000 ಅಂತ ಬರೆದಿರುತ್ತಾರೆ. ಅದನ್ನು ನೋಡಿ ನೆಮ್ಮದಿಯಾಗಿ ಕೊಂಡುಕೊಂಡವರು ಪ್ರಯೋಗದ ಐದನೇ ನಿಮಿಷದಲ್ಲಿ ಬೆಚ್ಚಿಬೀಳುತ್ತಾರೆ.

ಯಾಕೆಂದರೆ ಮನೆಬಳಕೆಯ ಎಸ್‌ಎಸ್‌ಡಿಯ ಒಳಗೇ ಇನ್ನೊಂದು ಬಫರ್ ಉಂಟು. ಫ್ಲ್ಯಾಶ್ ಮೆಮೊರಿಯ ಒಂದು ಕೋಶದಲ್ಲಿ ಮೂರೋ ನಾಲ್ಕೋ ಬಿಟ್ ತುರುಕಿದರೆ ಜಾಗ ಜಾಸ್ತಿ, ಬರೆಯುವುದು ನಿಧಾನ. ಒಂದೇ ಬಿಟ್ ಇಟ್ಟರೆ ವೇಗ. ಹಾಗಾಗಿ ಡ್ರೈವ್ ಮೊದಲು ಬಂದ ಡೇಟಾವನ್ನು ಒಂದೊಂದೇ ಬಿಟ್ ಆಗಿ ಬೇಗ ಬರೆದು, ಬಿಡುವಿದ್ದಾಗ ಒತ್ತಿ ಜೋಡಿಸುತ್ತದೆ. ಸಿನಿಮಾ ಕಾಪಿ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಾವು ಬಿಡುವೇ ಕೊಡದೆ 503 ಜಿಬಿ ಸುರಿಯುವವರು. ಆ ವೇಗದ ಜಾಗ ಮುಗಿದ ಮೇಲೆ ಕೋಶಕ್ಕೆ ನಾಲ್ಕು ಬಿಟ್ ಇಡುವ ಅಗ್ಗದ ಡ್ರೈವ್‌ಗಳು ಹಾರ್ಡ್ ಡಿಸ್ಕಿನ ಮಟ್ಟಕ್ಕೂ ಇಳಿಯುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ನಿರಂತರ ಬರೆಯುವ ವೇಗ. ಸರ್ವರಿಗೆಂದೇ ಮಾಡಿದ ಡ್ರೈವ್‌ಗಳ ವಿವರದಲ್ಲಿ ಅದು ಇರುತ್ತದೆ. ಇಲ್ಲದಿದ್ದರೆ ಪೂರ್ತಿ ಡ್ರೈವ್ ತುಂಬುವಷ್ಟು ಬರೆದು ನೀವೇ ಅಳೆಯಿರಿ. ಮೊದಲ ಒಂದು ನಿಮಿಷ ಬರೆದು ನೋಡುವ ಪರೀಕ್ಷೆಗೆ ನಾನು ಬೆಲೆ ಕೊಡುವುದಿಲ್ಲ.

ಇನ್ನೊಂದು ವಿಷಯ: ಡಿಸ್ಕಿಗೆ ಬರೆಯುತ್ತಿರುವಾಗಲೇ ಅದರಿಂದ ಓದಿ ಬೆಂಗಳೂರಿಗೆ ಕಳಿಸುತ್ತಿರುತ್ತೇವೆ. ಡ್ರೈವಿನ ವೇಗದ ಲೆಕ್ಕದಲ್ಲಿ ಇವೆರಡೂ ಸೇರಬೇಕು.

ಲೈನಿನ ಒಳಗೂ ಡೇಟಾ ತುಂಬಿರುತ್ತದೆ

ಈಗ ದೂರದ ಮಾತು. ಮಣಿಪಾಲದಿಂದ ಬೆಂಗಳೂರು ರಸ್ತೆಯಲ್ಲಿ 400 ಕಿ.ಮೀ. ಆಸುಪಾಸು. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಹೋಗಲು 2 ಮಿಲಿಸೆಕೆಂಡ್, ಬರಲು 2. ಫೈಬರ್ ನೇರ ಹೋಗುವುದಿಲ್ಲ, ನಡುವೆ ರೂಟರುಗಳಿವೆ. ಹೋಗಿ ಬರಲು 12 ಮಿಲಿಸೆಕೆಂಡ್ ಅಂತ ಹಿಡಿಯುವ.

ಟಿಸಿಪಿ ಅನ್ನುವುದು ಯುಡಿಪಿ ಹಾಗಲ್ಲ. ತಲುಪಿತು ಅಂತ ಆ ಕಡೆಯಿಂದ ಉತ್ತರ ಬರುವವರೆಗೆ ಕಳಿಸಿದ್ದರ ಪ್ರತಿಯನ್ನು ಇಟ್ಟುಕೊಂಡಿರುತ್ತದೆ, ಕಳೆದುಹೋದರೆ ಮತ್ತೆ ಕಳಿಸಬೇಕಲ್ಲ. ಹಾಗಾಗಿ 12 ಮಿಲಿಸೆಕೆಂಡಿನಲ್ಲಿ ಎಷ್ಟು ಡೇಟಾ ಲೈನಿಗೆ ಇಳಿಯುತ್ತದೋ ಅಷ್ಟು ಜಾಗ ಕಳಿಸುವ ಕಡೆ ಬೇಕು. 1 ಗಿಗಾಬಿಟ್ ಲೈನಿಗೆ 1.5 ಎಂಬಿ. ತೊಂದರೆ ಇಲ್ಲ. ನಾಳೆ ಲೈನನ್ನು 10 ಗಿಗಾಬಿಟ್‌ಗೆ ಏರಿಸಿದರೆ 15 ಎಂಬಿ ಬೇಕು. ಲಿನಕ್ಸ್ ತಾನಾಗಿ ಕೊಡುವುದು ಸಾಮಾನ್ಯವಾಗಿ 4 ಎಂಬಿವರೆಗೆ. ಹಾಗೇ ಬಿಟ್ಟರೆ ಒಂದು ಸಂಪರ್ಕಕ್ಕೆ ಸಿಗುವುದು ಹೆಚ್ಚೆಂದರೆ 2.8 ಗಿಗಾಬಿಟ್. ಹತ್ತಕ್ಕೆ ದುಡ್ಡು ಕಟ್ಟಿ ಮೂರೂ ಇಲ್ಲ. ಇದೇ ಸೆಟ್ಟಿಂಗಿನಲ್ಲಿ ಯುರೋಪಿಗೆ ಕಳಿಸಿ ನೋಡಿ. ಹೋಗಿ ಬರಲು 150 ಮಿಲಿಸೆಕೆಂಡ್ ಅಂದರೆ ಸೆಕೆಂಡಿಗೆ 28 ಎಂಬಿಗೆ ಬಂದು ನಿಲ್ಲುತ್ತದೆ.

ಪ್ಯಾಕೆಟ್ ಕಳೆದುಹೋಗುವುದು ಇದಕ್ಕಿಂತ ಕೆಟ್ಟದ್ದು. ಟಿಸಿಪಿ ಪ್ಯಾಕೆಟ್ ಕಳೆದಾಗ ದಾರಿಯಲ್ಲಿ ದಟ್ಟಣೆ ಇದೆ ಅಂತ ತಿಳಿದು ವೇಗ ತಗ್ಗಿಸುತ್ತದೆ. 1997ರಲ್ಲಿ ಮ್ಯಾಥಿಸ್ ಮತ್ತು ಜೊತೆಗಾರರು ಇದಕ್ಕೊಂದು ಸರಳ ಸೂತ್ರ ಕೊಟ್ಟರು: ಸಿಗುವ ವೇಗ ಹೋಗಿ ಬರುವ ಸಮಯಕ್ಕೆ ಮತ್ತು ನಷ್ಟದ ಪ್ರಮಾಣದ ವರ್ಗಮೂಲಕ್ಕೆ ವಿಲೋಮ, ಅಂದರೆ ಅವು ಹೆಚ್ಚಾದಷ್ಟು ವೇಗ ಕಡಿಮೆ. ಅಂಕಿ ಹಾಕಿ ನೋಡುವ. 12 ಮಿಲಿಸೆಕೆಂಡ್, 10 ಸಾವಿರ ಪ್ಯಾಕೆಟಿಗೆ ಒಂದು ನಷ್ಟ. ಹಳೆ ಮಾದರಿಯ ಟಿಸಿಪಿಯ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 100 ಮೆಗಾಬಿಟ್. ಲೈನ್ 10 ಗಿಗಾಬಿಟ್ ಇದ್ದರೂ ಅಷ್ಟೇ. 10 ಸಾವಿರಕ್ಕೆ ಒಂದು ಅನ್ನುವುದು ವಾಟ್ಸಾಪಿಗೆ ಲೆಕ್ಕಕ್ಕೇ ಇಲ್ಲ.

ಈ ನಷ್ಟ ಹೆಚ್ಚಾಗಿ ಆಗುವುದು ಘಟ್ಟದಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ, ನಮ್ಮದೇ ಕ್ಯಾಂಪಸ್ಸಿನ ಫೈರ್‌ವಾಲಿನಲ್ಲಿ. ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ತಪಾಸಣೆ ಮಾಡುತ್ತಾ ಸಾವಿರಾರು ಜನರ ಸಣ್ಣ ಸಣ್ಣ ಸಂಪರ್ಕ ನೋಡಿಕೊಳ್ಳಲು ಮಾಡಿದ ಪೆಟ್ಟಿಗೆ ಅದು. ಒಂದೇ ದಪ್ಪ ಹರಿವು ಬಂದು ಬಡಿದರೆ ಅದರ ಒಳಗಿನ ಸಣ್ಣ ಬಫರ್ ತುಂಬಿ ಚೆಲ್ಲುತ್ತದೆ. ಅಮೆರಿಕದ ಸಂಶೋಧನಾ ಲ್ಯಾಬ್‌ಗಳ ನೆಟ್‌ವರ್ಕ್ ಇಎಸ್‌ನೆಟ್‌ನವರು ಇದಕ್ಕೆ ‘ಸೈನ್ಸ್ ಡಿಎಂಜೆಡ್’ ಅನ್ನುವ ಏರ್ಪಾಡು ಮುಂದಿಟ್ಟರು. ಡೇಟಾ ಕಳಿಸುವುದಕ್ಕೆಂದೇ ಇರುವ ಸರ್ವರನ್ನು ಕ್ಯಾಂಪಸ್ ನೆಟ್‌ವರ್ಕಿನ ಹೊರ ಅಂಚಿನಲ್ಲಿ ಇಟ್ಟು, ಅದಕ್ಕೆ ಬೇರೆಯೇ ಬಿಗಿ ನಿಯಮ ಹಾಕುವುದು. ನಮ್ಮಲ್ಲಿ ಇದು ತಾಂತ್ರಿಕ ಸಮಸ್ಯೆಗಿಂತ ಜಾಸ್ತಿ ಮೀಟಿಂಗ್ ಸಮಸ್ಯೆ.

ಮಳೆಗಾಲದ ಲೆಕ್ಕ

ಪುಸ್ತಕದ ಲೆಕ್ಕಗಳೆಲ್ಲ ಲೈನ್ ಸದಾ ಇರುತ್ತದೆ ಅಂತ ನಂಬಿ ಮಾಡಿದ್ದು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮರ ಬೀಳುವುದು, ಕಂಬ ಬೀಳುವುದು, ಘಟ್ಟದಲ್ಲಿ ಮಣ್ಣು ಕುಸಿಯುವುದು ಇದ್ದದ್ದೇ. ಬೇಸಿಗೆಯಲ್ಲಿ ಜೆಸಿಬಿ ಬಾಯಿಗೆ ಫೈಬರ್ ಸಿಕ್ಕುತ್ತದೆ. ಕರೆಂಟ್ ಹೋದರೆ ರ‍್ಯಾಮಿನಲ್ಲಿದ್ದದ್ದು ಪೂರ್ತಿ ಹೋಯಿತು. ಆದ್ದರಿಂದ ಯುಪಿಎಸ್ ಕನಿಷ್ಠ ಸುತ್ತು ಬಫರ್ ಡಿಸ್ಕಿಗೆ ಇಳಿಯುವಷ್ಟು ಹೊತ್ತು ತಡೆಯಬೇಕು. 64 ಜಿಬಿಗೆ ಒಂದೆರಡು ನಿಮಿಷ ಸಾಕು. ಇದು ಸುಲಭದ ಭಾಗ.

ಲೈನ್ 12 ಗಂಟೆ ಹೋಯಿತು ಅಂದುಕೊಳ್ಳಿ. ಕರೆಂಟ್ ಉಂಟು, ಕ್ಯಾಮೆರಾ ಓಡುತ್ತಿದೆ, ಒಂದೂವರೆ ಗಂಟೆಗೊಮ್ಮೆ 503 ಜಿಬಿ. 12 ಗಂಟೆಗೆ ಎಂಟು ಸಲ, 4 ಟಿಬಿ. 8 ಟಿಬಿ ಡಿಸ್ಕ್ ಇಟ್ಟಿದ್ದೇವೆ, ಜಾಗ ಸಾಕಷ್ಟಿದೆ. ಲೈನ್ ಬಂತು. ಈಗ ಹಿಂದಿನ ಬಾಕಿ ತೀರಲು ಎಷ್ಟು ಹೊತ್ತು?

4 ಟಿಬಿಯನ್ನು 110ರಿಂದ ಭಾಗಿಸಿ ಹತ್ತು ಗಂಟೆ ಅನ್ನುವವರೇ ಜಾಸ್ತಿ. ಆದರೆ ಬಾಕಿ ತೀರಿಸುವಾಗ ಹೊಸದೂ ಬರುತ್ತಲೇ ಇರುತ್ತದೆ. 90 ನಿಮಿಷಕ್ಕೆ 503 ಜಿಬಿ ಅಂದರೆ ಸರಾಸರಿ ಸೆಕೆಂಡಿಗೆ 93 ಎಂಬಿ. 110ರಲ್ಲಿ 93 ಹೊಸದಕ್ಕೇ ಹೋಯಿತು. ಹಳೆ ಬಾಕಿಗೆ ಉಳಿದದ್ದು 17 ಎಂಬಿ. ಆ ವೇಗದಲ್ಲಿ 4 ಟಿಬಿ ತೀರಲು 66 ಗಂಟೆ. ಹನ್ನೆರಡು ಗಂಟೆಯ ಅಡಚಣೆಗೆ ಎರಡೂಮುಕ್ಕಾಲು ದಿನದ ಬಾಕಿ. ಅಷ್ಟರೊಳಗೆ ಇನ್ನೊಂದು ಮರ ಬಿದ್ದರೆ ಬಾಕಿಯ ಮೇಲೆ ಬಾಕಿ.

ಸ್ವಲ್ಪದರಲ್ಲಿ ನಡೆಯುತ್ತದೆ ಅಂದೆನಲ್ಲ, ಆ ಸ್ವಲ್ಪದ ಬೆಲೆ ಇದು. ಡಿಸ್ಕ್ ಎಷ್ಟು ದೊಡ್ಡದಿದ್ದರೂ ಚೇತರಿಕೆಯ ವೇಗ ನಿಂತಿರುವುದು ಲೈನಿನಲ್ಲಿ ಉಳಿದಿರುವ ತೆರವಿನ ಮೇಲೆ. ಹಾಗಾಗಿ ತೆರವು ಹೆಚ್ಚಿಸುವ ದಾರಿ ಹುಡುಕಬೇಕು. ಲೈನಿಗೆ ದುಡ್ಡು ಸುರಿಯದೆ ಮಾಡಬಹುದಾದದ್ದು ಡೇಟಾವನ್ನೇ ಇಳಿಸುವುದು.

ಕ್ಯಾಮೆರಾ ಪಿಕ್ಸೆಲ್‌ಗೆ 16 ಬಿಟ್ ಕೊಡುತ್ತದೆ. ಹೊಳೆಯುವ ಭಾಗ ಮಾತ್ರ ಕಾಣುವ ಫ್ಲೋರೆಸೆನ್ಸ್ ಚಿತ್ರದಲ್ಲಿ ಬಹುಪಾಲು ಕತ್ತಲೆ. ಕತ್ತಲೆಯ ಪಿಕ್ಸೆಲ್‌ನ ಬೆಲೆ 100ರ ಆಸುಪಾಸು ಇದ್ದರೆ ಮೇಲಿನ ಎಂಟೊಂಬತ್ತು ಬಿಟ್‌ಗಳು ಬರೀ ಸೊನ್ನೆ. ಕೆಳಗಿನ ಬಿಟ್‌ಗಳು ಮಾತ್ರ ಗದ್ದಲದಲ್ಲಿ (ನಾಯ್ಸ್) ಕುಣಿಯುತ್ತಿರುತ್ತವೆ. ಪಿಕ್ಸೆಲ್ ಪಿಕ್ಸೆಲ್ ಆಗಿ ಸಾಲು ನಿಲ್ಲಿಸಿದರೆ ಸೊನ್ನೆಗಳೂ ಗದ್ದಲವೂ ಬೆರೆತು ಕುಗ್ಗಿಸುವುದು ಕಷ್ಟ. ಬಿಟ್‌ಶಫಲ್ ಅನ್ನುವ ತಂತ್ರ ಎಲ್ಲ ಪಿಕ್ಸೆಲ್‌ಗಳ ಒಂದನೇ ಬಿಟ್ ಒಟ್ಟಿಗೆ, ಎರಡನೇ ಬಿಟ್ ಒಟ್ಟಿಗೆ ಹೀಗೆ ಮರುಜೋಡಿಸುತ್ತದೆ. ಆಗ ಸೊನ್ನೆಗಳ ಉದ್ದುದ್ದ ಸಾಲು ಸಿಗುತ್ತದೆ. ಎಲ್‌ಝಡ್4 ಅಂಥ ವೇಗದ ಸಂಕೋಚಕ ಅದನ್ನು ಸಲೀಸಾಗಿ ನುಂಗುತ್ತದೆ. ಒಂದು ಬಿಟ್ ಕೂಡ ನಷ್ಟವಿಲ್ಲ. ಪ್ರಖರ ಎಕ್ಸ್‌ರೇ ಹೊಮ್ಮಿಸುವ ಸಿಂಕ್ರೋಟ್ರಾನ್‌ಗಳ ಎಕ್ಸ್‌ರೇ ಡಿಟೆಕ್ಟರುಗಳಲ್ಲೂ ಈ ಜೋಡಿ ಬಳಕೆಯಲ್ಲಿದೆ.

ಡೇಟಾ ಅರ್ಧಕ್ಕೆ ಇಳಿಯಿತು ಅಂದುಕೊಂಡು ಮಳೆಗಾಲದ ಲೆಕ್ಕ ಮತ್ತೆ ಮಾಡಿ. ಹೊಸದಕ್ಕೆ 47 ಎಂಬಿ ಹೋದರೆ ಬಾಕಿಗೆ 63 ಉಳಿಯಿತು. ಬಾಕಿಯೂ 2 ಟಿಬಿ ಮಾತ್ರ. 66 ಗಂಟೆಯ ಕೆಲಸ ಒಂಬತ್ತು ಗಂಟೆಯ ಒಳಗೆ ಬಂತು. ಡೇಟಾ ಅರ್ಧವಾದರೆ ಕಾಯುವುದು ಏಳರಲ್ಲಿ ಒಂದು ಪಾಲಿಗೆ ಇಳಿಯಿತು.

“ಅಷ್ಟೆಲ್ಲ ಯಾಕೆ, ಡಿಸ್ಕ್ ಬಿಚ್ಚಿ ರಾತ್ರಿ ಬಸ್ಸಿನಲ್ಲಿ ಕಳಿಸಿ” ಅನ್ನುವವರಿದ್ದಾರೆ. ತಮಾಷೆ ಅಲ್ಲ. 20 ಟಿಬಿಯ ಎರಡು ಹಾರ್ಡ್ ಡಿಸ್ಕ್, 10 ಗಂಟೆಯ ಪ್ರಯಾಣ: ಬಸ್ಸಿನ ವೇಗ ಸೆಕೆಂಡಿಗೆ 1.1 ಜಿಬಿ! ಆದರೆ ಡಿಸ್ಕಿಗೆ ತುಂಬಿಸಲು 28 ಗಂಟೆ, ಅಲ್ಲಿ ಇಳಿಸಿಕೊಳ್ಳಲು 28 ಗಂಟೆ. ಒಟ್ಟು 66. ಅದೇ 40 ಟಿಬಿ ನಮ್ಮ ಲೈನಿನಲ್ಲಿ 101 ಗಂಟೆ. ಬಸ್ಸೇ ಗೆಲ್ಲುತ್ತದೆ, ಶಿರಾಡಿಯಲ್ಲಿ ಗುಡ್ಡ ಜರಿಯದಿದ್ದರೆ. 2017ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಚಿತ್ರಕ್ಕಾಗಿ ಎಂಟು ದೂರದರ್ಶಕಗಳು ಒಂದೊಂದೂ ಸೆಕೆಂಡಿಗೆ 32 ಗಿಗಾಬಿಟ್ ದಾಖಲಿಸಿದಾಗ ಮಾಡಿದ್ದೂ ಇದನ್ನೇ. ಡಿಸ್ಕುಗಳನ್ನು ವಿಮಾನದಲ್ಲಿ ಅಮೆರಿಕದ ವೀಕ್ಷಣಾಲಯ ಹೇಸ್ಟ್ಯಾಕ್‌ಗೆ, ಜರ್ಮನಿಯ ಬಾನ್‌ಗೆ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕುಗಳು ಮಾತ್ರ ಅಲ್ಲಿನ ಚಳಿಗಾಲ ಮುಗಿದು ವಿಮಾನ ಇಳಿಯುವವರೆಗೆ ಕಾದು, ಡಿಸೆಂಬರ್‌ನಲ್ಲಿ ತಲುಪಿದವು. ಅದೂ ಬಫರೇ.

ಆ ತುದಿಯಲ್ಲಿ

ಡೇಟಾ ಬೆಂಗಳೂರು ಮುಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ. ಸೂಪರ್‌ಕಂಪ್ಯೂಟರಿನಲ್ಲಿ ನಮ್ಮ ಕೆಲಸ ಸರದಿಯಲ್ಲಿ ನಿಲ್ಲುತ್ತದೆ. ಸರದಿ ಬರುವವರೆಗೆ ಡೇಟಾ ಅಲ್ಲೂ ಎಲ್ಲೋ ಕೂತಿರಬೇಕು. ನೂರಾರು ಜನ ಹಂಚಿಕೊಂಡ ಫೈಲ್ ಸಿಸ್ಟಮ್ ಅದು. ಇನ್ಯಾರದೋ ಕೆಲಸ ಒಮ್ಮೆಲೇ ಬರೆಯಲು ಶುರು ಮಾಡಿದರೆ ನಮ್ಮದು ಕೆಲವು ಸೆಕೆಂಡ್ ತಡೆಯುತ್ತದೆ. ಆ ತಡೆ ಟಿಸಿಪಿಯ ಮೂಲಕ ಹಿಂದಕ್ಕೆ ಸಾಗಿ ಮಣಿಪಾಲದ ಡಿಸ್ಕಿನಲ್ಲಿ ಬಾಕಿಯಾಗಿ ಕಾಣುತ್ತದೆ. ಕಾರಣ ಒಂದೂರಲ್ಲಿ, ಲಕ್ಷಣ ಇನ್ನೊಂದೂರಲ್ಲಿ.

ಫೈಲನ್ನೇ ಬರೆಯದೆ ಮೆಮೊರಿಯಿಂದ ಮೆಮೊರಿಗೆ ಕಳಿಸುವ ದಾರಿಯೂ ಉಂಟು. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕ್ಯಾಮೆರಾ 576 ಪಿಕ್ಸೆಲ್ ಚದರದ್ದು, ಆದರೆ ಸೆಕೆಂಡಿಗೆ 87,000 ಫ್ರೇಮ್. ಸುಮಾರು 480 ಗಿಗಾಬಿಟ್. 1024 ಚದರದ ಒಂದು ಸ್ಕ್ಯಾನ್ 12 ಸೆಕೆಂಡಿನಲ್ಲಿ ಮುಗಿದು 700 ಜಿಬಿ ಉಳಿಸಿ ಹೋಗುತ್ತದೆ. ಮೊದಲು ಅದನ್ನು ಡಿಸ್ಕಿಗೆ ಬರೆದು, ಫೈಲಾಗಿ ಸೂಪರ್‌ಕಂಪ್ಯೂಟರಿಗೆ ಕಳಿಸುತ್ತಿದ್ದರು. ಆಮೇಲೆ ಗಣಿಸುವ ಯಂತ್ರಗಳ ಮೆಮೊರಿಗೇ ನೇರ ಹರಿಸುವ ವ್ಯವಸ್ಥೆ ಮಾಡಿದರು, ಹಲವು ಪಟ್ಟು ಬೇಗ ಆಯಿತು. ಅಲ್ಲಿ ಒಂದೊಂದು ಫ್ರೇಮಿನಲ್ಲಿ ಎಲೆಕ್ಟ್ರಾನ್ ಬಿದ್ದ ಜಾಗಗಳನ್ನು ಮಾತ್ರ ಗುರುತಿಸಿ ಇಟ್ಟುಕೊಂಡರೆ ಸಾಕು, ಉಳಿದದ್ದು ಖಾಲಿ. ಆದರೆ ನೇರ ಹರಿಸುವಾಗ ಲೈನ್ ತಪ್ಪಿದರೆ ಹಿಂದೆ ಯಾವ ಪ್ರತಿಯೂ ಇರುವುದಿಲ್ಲ. ನಮ್ಮ ಮಳೆಗೆ ನಾನು ಡಿಸ್ಕನ್ನು ನಡುವೆ ಇಟ್ಟೇ ಮಲಗುತ್ತೇನೆ.

ಆ ಡಿಸ್ಕಿನಿಂದ ಡೇಟಾ ಅಳಿಸುವುದು ಯಾವಾಗ? ‘ಕಳಿಸಿ ಆಯಿತು’ ಅಂತ ಪ್ರೋಗ್ರಾಂ ಹೇಳಿದಾಗ ಅಲ್ಲ. ಟಿಸಿಪಿ ಕೊಡುವ ರಸೀದಿ ಆ ಕಡೆಯ ಕಂಪ್ಯೂಟರಿನ ಮೆಮೊರಿಗೆ ತಲುಪಿದ್ದಕ್ಕೆ ಮಾತ್ರ, ಡಿಸ್ಕಿಗೆ ಇಳಿದದ್ದಕ್ಕಲ್ಲ. ಇಲ್ಲಿ ಬರೆಯುವಾಗಲೇ ಪ್ರತಿ ಫೈಲಿನ ಒಳಗಿನ ಡೇಟಾದಿಂದ ಬರುವ ಗುರುತಿನ ಅಂಕಿ, ಅಂದರೆ ಚೆಕ್‌ಸಮ್ ಲೆಕ್ಕ ಹಾಕಿಡಬೇಕು. ಅಲ್ಲಿ ಡಿಸ್ಕಿನಿಂದ ಮತ್ತೆ ಓದಿ ಲೆಕ್ಕ ಹಾಕಬೇಕು. ಎರಡೂ ತಾಳೆಯಾದ ಮೇಲೆ ಆ ಫೈಲಿನ ಹೆಸರು ಅಳಿಸಬಹುದಾದವುಗಳ ಪಟ್ಟಿಗೆ ಸೇರುತ್ತದೆ. ಡಿಸ್ಕ್ 80 ಪರ್ಸೆಂಟ್ ತುಂಬಿದಾಗ ಆ ಪಟ್ಟಿಯ ಹಳೆಯದರಿಂದ ಅಳಿಸುತ್ತಾ ಬರುವುದು. ಪಟ್ಟಿ ಖಾಲಿ ಇದ್ದು ಡಿಸ್ಕ್ 90 ಮುಟ್ಟಿದರೆ ಪ್ರಯೋಗ ಮಾಡುತ್ತಿರುವವರಿಗೆ ಮೆಸೇಜ್ ಹೋಗಬೇಕು: ಮುಂದಿನ ಸ್ಯಾಂಪಲ್ ಇಡಬೇಡಿ, ಲೈನ್ ನೋಡಿ.